ಮುಟ್ಟಿಗೆ ಮುಂಚಿನ ತೊಂದರೆಗೆ ಡ್ರೋಸ್ಪೈರಿನೋನ್ ಮಾತ್ರೆ: ಸ್ಟ್ರಿಪ್‌ನಲ್ಲಿ 24 ಇದೆಯಾ ನೋಡಿ ತಗೊಳ್ಳಿ

ಬೆಂಗಳೂರಿನ ಮೆಡಿಕಲ್ ಶಾಪುಗಳಲ್ಲಿ ಡ್ರೋಸ್ಪೈರಿನೋನ್ ಎಂಬ ಹಾರ್ಮೋನ್ ಸೇರಿದ ಗರ್ಭನಿರೋಧಕ ಮಾತ್ರೆ ಮುಖ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. ಎರಡರಲ್ಲೂ ಡ್ರೋಸ್ಪೈರಿನೋನ್ 3 ಮಿಲಿಗ್ರಾಂ. ಒಂದರಲ್ಲಿ ಜೊತೆಯ ಇನ್ನೊಂದು ಹಾರ್ಮೋನ್ ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ, ಸ್ಟ್ರಿಪ್‌ಗೆ 21 ಮಾತ್ರೆ. ಇನ್ನೊಂದರಲ್ಲಿ 0.02 ಮಿಲಿಗ್ರಾಂ, 24 ಮಾತ್ರೆ. ಮುಟ್ಟಿಗೆ ವಾರ, ಹತ್ತು ದಿನ ಇರುವಾಗಲೇ ಶುರುವಾಗುವ ಸಿಡುಕು, ಅಳು, ಹೊಟ್ಟೆ ಉಬ್ಬರ, ಸ್ತನದ ಬಿಗಿತಕ್ಕೆಂದು ತಗೊಳ್ಳುವವರಿಗೆ ನಾವು ಹೇಳುವುದು ಎರಡನೆಯದನ್ನೇ.

ಕಾರಣ ಸ್ಟ್ರಿಪ್ ಮುಗಿದ ಮೇಲಿನ ಬಿಡುವಿನ ದಿನಗಳಲ್ಲಿದೆ. 21ರ ಸ್ಟ್ರಿಪ್‌ನಲ್ಲಿ ಏಳು ದಿನ ಹಾರ್ಮೋನ್ ಇಲ್ಲ. ಅಷ್ಟರಲ್ಲಿ ಅಂಡಾಶಯ ಮತ್ತೆ ಎಚ್ಚರಗೊಳ್ಳುತ್ತದೆ, ಹಾರ್ಮೋನ್ ಏರಿಳಿತ ಶುರುವಾಗುತ್ತದೆ, ಯಾವುದಕ್ಕೆ ಮಾತ್ರೆ ನುಂಗಿದೆವೋ ಅದೇ ತಲೆನೋವು, ಅದೇ ಸಿಡುಕು ವಾಪಸ್ ಬರಬಹುದು. 24ರದ್ದರಲ್ಲಿ ಬಿಡುವು ನಾಲ್ಕೇ ದಿನ. ಡ್ರೋಸ್ಪೈರಿನೋನ್ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು, ಹಾಗಾಗಿ ಬಿಡುವಿನ ಆರಂಭದಲ್ಲೂ ಮೈಯಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಈ ಔಷಧಿಗೆ ಮೈಯಿಂದ ಉಪ್ಪನ್ನೂ ನೀರನ್ನೂ ಹೊರಹಾಕುವ ಗುಣವೂ ಇದೆ. ಉಬ್ಬರ ಇಳಿಯುವುದು ಅದರಿಂದ.

ಅಂಗಡಿಯಲ್ಲಿ ಎಡವಟ್ಟಾಗುವುದು ಇಲ್ಲೇ. ‘ಅದಿಲ್ಲ ಮೇಡಂ, ಇದೂ ಅದೇ ಕಂಟೆಂಟು’ ಅಂತ 21ರದ್ದನ್ನು ಕವರಿಗೆ ಹಾಕಿ ಕೊಡುತ್ತಾರೆ. ಕೌಂಟರ್ ಮುಂದೆಯೇ ಸ್ಟ್ರಿಪ್ ತಿರುಗಿಸಿ, ಬೆಳ್ಳಿ ಹಾಳೆಯ ಮೇಲಿನ ಸಣ್ಣಕ್ಷರದಲ್ಲಿ 0.02 ಇದೆಯಾ ಓದಿ, ಗುಳ್ಳೆಗಳನ್ನು ಎಣಿಸಿ. 28 ಇದ್ದರೆ ಕೊನೆಯ ನಾಲ್ಕು ಬೇರೆ ಬಣ್ಣದ, ಔಷಧಿಯಿಲ್ಲದ ಮಾತ್ರೆ. ಅವನ್ನೂ ನುಂಗಿದರೆ ಅಭ್ಯಾಸ ತಪ್ಪುವುದಿಲ್ಲ. 24 ಮಾತ್ರ ಇದ್ದರೆ ನಾಲ್ಕು ದಿನ ಬಿಟ್ಟು ಐದನೇ ದಿನ ಹೊಸ ಸ್ಟ್ರಿಪ್, ರಕ್ತ ನಿಂತಿರಲಿ ಬಿಡಲಿ.

ಗುಣ ಎಷ್ಟು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಈ 24+4 ಮಾತ್ರೆಗೆ, ಗರ್ಭನಿರೋಧಕವೂ ಬೇಕೆನ್ನುವವರ ತೀವ್ರ ಸ್ವರೂಪದ ತೊಂದರೆಗೆ, ಅಂದರೆ ಪಿಎಂಡಿಡಿಗೆ, ಒಪ್ಪಿಗೆ ಕೊಟ್ಟಿತು. 2005ರಲ್ಲಿ ಪ್ರಕಟವಾದ ಮೂರು ತಿಂಗಳ ಪರೀಕ್ಷೆಯಲ್ಲಿ ತೊಂದರೆ ಅರ್ಧಕ್ಕಿಳಿದವರು ಮಾತ್ರೆ ತಗೊಂಡವರಲ್ಲಿ ಶೇ. 48, ಬರೀ ಹುಸಿಮಾತ್ರೆ ತಗೊಂಡವರಲ್ಲಿ ಶೇ. 36. ವ್ಯತ್ಯಾಸ ನಿಜ, ಆದರೆ ಎಲ್ಲರಿಗೂ ನಾಟುವುದಿಲ್ಲ. ಅದಕ್ಕೇ ಶುರು ಮಾಡುವ ಮೊದಲು ಎರಡು ತಿಂಗಳು ದಿನಾ ರಾತ್ರಿ ಕ್ಯಾಲೆಂಡರ್‌ನಲ್ಲಿ ಸಿಡುಕು, ನಿದ್ದೆ, ಉಬ್ಬರಕ್ಕೆ 1ರಿಂದ 6ರ ಅಂಕ ಬರೆಯಿರಿ. ಮುಟ್ಟಾದ ಮೇಲೂ ಅಂಕ ಇಳಿಯದಿದ್ದರೆ ಅದು ಬೇರೆಯೇ ಖಿನ್ನತೆಯೋ ಥೈರಾಯ್ಡೋ ಇರಬಹುದು, ಈ ಮಾತ್ರೆ ಅದಕ್ಕಲ್ಲ. ಮೂರು ಸ್ಟ್ರಿಪ್ ಮುಗಿದ ಮೇಲೆ ಅದೇ ಅಂಕ ಹೋಲಿಸಿ ನೋಡಿ. ಮನಸ್ಸಿನ ತೊಂದರೆಯೇ ಜಾಸ್ತಿಯಾದವರಿಗೆ ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಬಗೆಯ ಮಾತ್ರೆ ಇನ್ನೂ ಚೆನ್ನಾಗಿ ಒಗ್ಗಬಹುದು.

ಮುಟ್ಟಿನ ಮೊದಲ ದಿನವೇ ಶುರು ಮಾಡಿದರೆ ಗರ್ಭದಿಂದ ರಕ್ಷಣೆ ಅವತ್ತಿಂದಲೇ. ಬೇರೆ ದಿನವಾದರೆ ಏಳು ದಿನ ಕಾಂಡೋಮ್ ಬೇಕು. ರಾತ್ರಿ ಊಟದ ಮೇಲೆ ತಗೊಂಡರೆ ವಾಕರಿಕೆ ಕಡಿಮೆ. ಮೂರ್ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ. ಮೊದಲ ಮೂರು ತಿಂಗಳು ನಡುನಡುವೆ ರಕ್ತದ ಕಲೆ ಕಾಣುವುದು ಸಾಮಾನ್ಯ, ಹೆದರಿ ಬಿಡಬೇಡಿ.

ಡಾಕ್ಟರ ಚೀಟಿ ಇಲ್ಲದೆ, ಬಿಪಿ ನೋಡಿಸದೆ ತಗೊಳ್ಳಲೇಬೇಡಿ. ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಬರುವ ಮೈಗ್ರೇನ್, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, 35 ದಾಟಿ ಸಿಗರೇಟ್ ಸೇದುವುದು, ಕಿಡ್ನಿ ಅಥವಾ ಲಿವರ್ ಕಾಯಿಲೆ ಇದ್ದವರಿಗೆ ಇದು ಬೇಡ. ಬಿಪಿಗೆ ಎನಾಲಪ್ರಿಲ್, ಟೆಲ್ಮಿಸಾರ್ಟನ್ ತಗೊಳ್ಳುವವರಿಗೆ ಪೊಟ್ಯಾಸಿಯಂ ಏರಬಹುದು, ರಕ್ತಪರೀಕ್ಷೆ ಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧಿ ಈ ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಗ್ಗಿಸುತ್ತದೆ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಗರ್ಭನಿರೋಧಕವಾಗಿ ಒಳ್ಳೆಯದೇ. ಆದರೆ ಅದರಲ್ಲಿ ಡ್ರೋಸ್ಪೈರಿನೋನ್ ಬದಲು ಇರುವುದು ಲೆವೊನಾರ್ಜೆಸ್ಟ್ರೆಲ್ ಎಂಬ ಬೇರೆ ಹಾರ್ಮೋನ್, 21 ಮಾತ್ರೆ, ಉಳಿದ ಏಳು ಕಬ್ಬಿಣದ್ದು. ಈ ತೊಂದರೆಗೆ ಅದನ್ನು ಬದಲಿಯಾಗಿ ಎಣಿಸಬೇಡಿ.

ಒಂದೇ ಕಾಲು ಊದಿ ನೋವು ಬಂದರೆ, ಎದೆನೋವು, ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ, ಅದೇ ಗಳಿಗೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಸ್ಟ್ರಿಪ್ ಕೈಯಲ್ಲಿರಲಿ.