ಮೂರು ಶಾರ್ಕ್ ದವಡೆ, ಒಂದಕ್ಕೆ ಮಾತ್ರ ಪೂರ್ತಿ ಚೀಟಿ

ದಾವಣಗೆರೆಯಲ್ಲಿ ನನ್ನದು ಹಲ್ಲಿನ ಸೆಟ್ ಮಾಡುವ ಸಣ್ಣ ಲ್ಯಾಬ್. ಶಾರ್ಕ್ ದವಡೆ ಕೂಡಿಸುವ ಆಸೆ ಅಲ್ಲಿಂದಲೇ ಹುಟ್ಟಿದ್ದು, ಅದರಲ್ಲೂ ಆಳ ಸಮುದ್ರದವು. ಆನ್‌ಲೈನ್‌ನಲ್ಲಿ ಒಂದು ಕೊಂಡೆ, ರೆಸಿನ್ ಎಂಬ ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದ ನಕಲು, ಅಂದರೆ ರೆಸಿನ್ ಅಚ್ಚು, ಒಂದು ತರಿಸಿದೆ, ಕೊಚ್ಚಿ ಬಂದರಿಗೆ ಹೋಗಿ ಒಂದು ತಂದೆ. ಮೂರರಲ್ಲಿ ನನಗೆ ಇಷ್ಟವಾದದ್ದು ಕೊಚ್ಚಿಯದು. ಯಾಕೆ ಅಂತ ಹೇಳಲು ಆನ್‌ಲೈನ್ ಕಥೆಯಿಂದಲೇ ಶುರುಮಾಡಬೇಕು.

9,500 ರೂಪಾಯಿ ಕೊಟ್ಟಿದ್ದೆ. ಜೊತೆಗಿದ್ದ ಚೀಟಿಯಲ್ಲಿ ‘ಗಾಬ್ಲಿನ್ ಶಾರ್ಕ್, ಜಪಾನ್’ ಅಂತ ಇತ್ತು, ಅಷ್ಟೇ. 1898ರಲ್ಲಿ ಜಪಾನಿನ ಮೀನೊಂದನ್ನು ನೋಡಿ ವಿಜ್ಞಾನಿಗಳು ಹೆಸರಿಟ್ಟ ಅಪರೂಪದ ಶಾರ್ಕ್ ಅದು. ಖುಷಿಯಿಂದ ಲೆನ್ಸ್ ಹಿಡಿದು ಕೂತೆ. ಮುಂದಿನ ಹಲ್ಲುಗಳು ಉದ್ದ, ಸಪೂರ. ಅಲ್ಲಿಯವರೆಗೆ ಸರಿ. ಆದರೆ ಪ್ರತಿ ಹಲ್ಲಿನ ಬುಡದಲ್ಲಿ ಆಚೆ ಈಚೆ ಒಂದೊಂದು ಪುಟ್ಟ ಮೊನೆ. ಗಾಬ್ಲಿನ್ ಶಾರ್ಕಿನ ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಆ ಮೊನೆ ಇರುವುದಿಲ್ಲ. ಅದರ ಹಲ್ಲಿನ ಒಳಮೈಯಲ್ಲಿ ಉದ್ದುದ್ದ ಸಣ್ಣ ಗೀರುಗಳಿರುತ್ತವೆ, ಇಲ್ಲಿ ಅವು ಕಾಣಲಿಲ್ಲ. ನನ್ನ ಕೈಯಲ್ಲಿದ್ದದ್ದು ಸ್ಯಾಂಡ್ ಟೈಗರ್ ಶಾರ್ಕ್, ದಡದ ಹತ್ತಿರ ಓಡಾಡುವ ಮೀನು.

ಹೆಸರು ತಪ್ಪಾದದ್ದನ್ನಾದರೂ ತಿದ್ದಬಹುದು. ಮೀನು ಎಷ್ಟು ಉದ್ದವಿತ್ತು, ಗಂಡೋ ಹೆಣ್ಣೋ, ಯಾವ ದಿನ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಮಾರಿದವರನ್ನು ಕೇಳಿದೆ. “ಸರ್, ದವಡೆ ಒರಿಜಿನಲ್, ಅಷ್ಟು ಸಾಕಲ್ವಾ?” ಎಂದರು. ಸಾಕಾಗುವುದಿಲ್ಲ. ಗಂಡು ಶಾರ್ಕಿಗೆ ಹೊಟ್ಟೆಯ ಕೆಳಗಿನ ಈಜುರೆಕ್ಕೆಗಳ ಒಳಬದಿಯಲ್ಲಿ ಎರಡು ಕೋಲಿನಂಥ ಅಂಗಗಳಿರುತ್ತವೆ. ತಲೆ ಕತ್ತರಿಸಿ ದೇಹ ಮಾರಾಟವಾದ ಮೇಲೆ ಅದನ್ನು ಎಲ್ಲಿ ನೋಡುವುದು? ಆಳದ ಕೆಲವು ಜಾತಿಗಳಲ್ಲಿ ಗಂಡಿನ ಹಲ್ಲು ಹೆಣ್ಣಿನದಕ್ಕಿಂತ ನೆಟ್ಟಗಿರುತ್ತದೆ. ಗಂಡು ಹೆಣ್ಣು ಬರೆದಿಡದಿದ್ದರೆ ಒಂದೇ ಜಾತಿಯ ಎರಡು ದವಡೆ ಬೇರೆ ಬೇರೆ ಜಾತಿಯ ಹಾಗೆ ಕಾಣುತ್ತವೆ. ನನಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಈ ವಿಷಯಕ್ಕೆ. ಒಂದು ಮೀನು ಸತ್ತಿದೆ, ಅದರ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ.

ಕಾನೂನಿನ ಮಾತೂ ಇದೆ. ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಇನ್ನೂ ಕೆಲವು ಶಾರ್ಕ್‌ಗಳಿವೆ. ಜಾತಿ ಯಾವುದು ಅಂತ ಗೊತ್ತಿಲ್ಲದ ದವಡೆ ಮನೆಯಲ್ಲಿಡಬೇಡಿ.

ರೆಸಿನ್ ಅಚ್ಚು 3,200 ರೂಪಾಯಿ. ಅಚ್ಚುಕಟ್ಟಾಗಿದೆ, ಸೊಟ್ಟಗಾಗುವುದಿಲ್ಲ, ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಆದರೆ ಶಾರ್ಕಿನ ಹಲ್ಲಿನ ಹಿಂದೆ ಸಾಲುಸಾಲಾಗಿ ಹೊಸ ಹಲ್ಲು ಮಲಗಿರುತ್ತವಲ್ಲ, ಅಚ್ಚಿನಲ್ಲಿ ಅವೆಲ್ಲ ಒಂದೇ ಗಡ್ಡೆ.

ಕೊಚ್ಚಿ ಬಂದರಿಗೆ ಬ್ರ್ಯಾಂಬಲ್ ಶಾರ್ಕ್ ಬರುತ್ತದೆ ಅಂತ ಓದಿದ್ದೆ. ಆಳದ ಮೀನು, ಮೈಮೇಲೆಲ್ಲ ಮುಳ್ಳು. ಬೆಳಿಗ್ಗೆ ಹೋಗಿ ನಿಂತೆ. ಎರಡು ದಿನ ಸುಮ್ನೆ ಕಾದೆ, ಮೂರನೇ ದಿನ ಒಂದು ಹೆಣ್ಣು ಬಂತು. ಕತ್ತರಿಸುವ ಮೊದಲೇ ಟೇಪ್ ಪಕ್ಕಕ್ಕಿಟ್ಟು ಪೂರ್ತಿ ಮೀನಿನ ಫೋಟೋ ತೆಗೆದೆ. ದೋಣಿಯವರು ಆಳವನ್ನು ಮಾರಿನ ಲೆಕ್ಕದಲ್ಲಿ ಹೇಳಿದರು, ಸುಮಾರು 200 ಮಾರು. ಒಂದು ಮಾರು ಅಂದರೆ ಆರು ಅಡಿ. ಹಾಗೇ ಬರೆದುಕೊಂಡೆ. ತಲೆಗೆ ದುಡ್ಡು ಕೊಟ್ಟು, ಅಲ್ಲೇ ಮಾಂಸ ಬಿಡಿಸಿ, ದವಡೆಯನ್ನು ಉಪ್ಪಿನ ಬಕೆಟ್‌ನಲ್ಲಿ ರೈಲಿನಲ್ಲಿ ತಂದೆ. ಖರ್ಚು ಎಲ್ಲ ಸೇರಿ 5,000 ದಾಟಲಿಲ್ಲ.

ಇದರಲ್ಲೂ ಒಂದು ತಪ್ಪು ಮಾಡಿದೆ. ಮಾರ್ಚ್ ಬಿಸಿಲಿಗೆ ತಾರಸಿಯ ಮೇಲಿಟ್ಟೆ. ಶಾರ್ಕ್ ದವಡೆ ಗಟ್ಟಿ ಮೂಳೆಯಲ್ಲ, ನಮ್ಮ ಕಿವಿಯಲ್ಲಿರುವಂಥ ಮೃದು ಎಲುಬು. ನಮ್ಮ ಊರಿನ ಒಣ ಬಿಸಿಲಿಗೆ ಮಧ್ಯಾಹ್ನದೊಳಗೆ ಹಪ್ಪಳದ ಹಾಗೆ ಸುರುಳಿಯಾಯಿತು. ಮತ್ತೆ ನೀರಿನಲ್ಲಿ ನೆನೆಸಿದೆ, ಮೆತ್ತಗಾಯಿತು. ಲ್ಯಾಬಿನ ಪ್ಲಾಸ್ಟರ್‌ನಲ್ಲಿ ಆಸರೆ ಮಾಡಿ, ದಾರದಿಂದ ಬಿಗಿದು, ನೆರಳಿನಲ್ಲಿ ಹತ್ತು ದಿನ ಒಣಗಿಸಿದೆ. ಕುದಿಸಬೇಡಿ, ಬ್ಲೀಚಿಂಗ್ ಪೌಡರ್ ಹಾಕಬೇಡಿ, ಹಲ್ಲು ಉದುರುತ್ತವೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ದವಡೆಗೇ ಕಟ್ಟಿ. ಪೆಟ್ಟಿಗೆಗೆ ಅಂಟಿಸಿದರೆ ಒಂದು ದಿನ ಎರಡೂ ಬೇರೆಯಾಗುತ್ತವೆ.

ಬ್ರ್ಯಾಂಬಲ್ ಶಾರ್ಕ್ ಅಳಿವಿನಂಚಿನ ಮೀನು. ಹಾಗಾಗಿ ಇಂಥದ್ದು ಹಿಡಿದುಕೊಡಿ ಅಂತ ಯಾರಿಗೂ ಹೇಳುವುದಿಲ್ಲ, ಬೇರೆ ಮೀನಿನ ಜೊತೆ ಬಲೆಗೆ ಬಿದ್ದು ಬಂದದ್ದರಲ್ಲಿ ಮಾತ್ರ ತಲೆ ಕೇಳುತ್ತೇನೆ. ವರ್ಷಕ್ಕೆ ಒಂದು ಸಿಕ್ಕರೆ ಸಾಕು. ಲ್ಯಾಬ್ ಮುಚ್ಚಿ ನಾಲ್ಕು ದಿನ ಹೋಗಲು ಆಗದವರು ಅಚ್ಚು ತರಿಸಿ. ಆನ್‌ಲೈನ್‌ನಲ್ಲಿ ಕೊಳ್ಳಲೇಬೇಕು ಅಂದರೆ ಪೂರ್ತಿ ಮೀನಿನ ಫೋಟೋ ಮೊದಲು ಕೇಳಿ. ನನ್ನ ಸ್ಯಾಂಡ್ ಟೈಗರ್‌ಗೂ ಈಗ ಹೊಸ ಚೀಟಿ ಕಟ್ಟಿದ್ದೇನೆ: ಜಾತಿ ಬರೆದಿದ್ದೇನೆ, ಉಳಿದ ನಾಲ್ಕು ಸಾಲು ಖಾಲಿ.