ಕೆಡವಿದ ಹಳೆಯ ಮನೆಗಳ ನಿವೇಶನಕ್ಕೆ ಯಾವ ಲೋಹಶೋಧಕ?

ಇಂಗ್ಲೆಂಡಿನ ಹಳೆಯ ಪೇಟೆಗಳಲ್ಲಿ ಕಟ್ಟಡ ಕೆಡವಿದ ಜಾಗದಲ್ಲಿ ಶೋಧಿಸಲು ಚಿಕ್ಕ ಕಾಯಿಲ್ (ನೆಲದ ಮೇಲೆ ಬೀಸುವ ಶೋಧಕ ತಟ್ಟೆ), ದೊಡ್ಡ ಕಾಯಿಲ್, ಪಲ್ಸ್ ಇಂಡಕ್ಷನ್ ಯಂತ್ರ (ವಿದ್ಯುತ್ ಮಿಡಿತಗಳಿಂದ ಲೋಹ ಹುಡುಕುವಂಥದು) ಇವುಗಳಲ್ಲಿ ಯಾವುದು ಲೇಸು ಎಂದು ಕೇಳಿದ್ದೀರಿ.

ಇಂಥಲ್ಲಿ ಮುಖ್ಯ ತೊಡಕು ಆಳವಲ್ಲ, ಮೊಳೆ. 11 ಅಂಗುಲದ ಕಾಯಿಲ್ ಆಳಕ್ಕೆ ಇಳಿದರೂ ಅದರಡಿ ಏಕಕಾಲಕ್ಕೆ ಹಲವು ಮೊಳೆಗಳು ಸಿಕ್ಕಿ, ಪಕ್ಕದ ನಾಣ್ಯಕ್ಕೆ ಯಂತ್ರ ಹೊರಡಿಸುವ ಸದ್ದನ್ನು ನುಂಗಿಬಿಡುತ್ತವೆ. 5–6 ಅಂಗುಲದ್ದು ಆಳದಲ್ಲಿ ಸೋತರೂ ಅವುಗಳ ನಡುವಿನಿಂದ ನಾಣ್ಯವನ್ನು ಬೇರ್ಪಡಿಸಬಲ್ಲದು. ತುಕ್ಕು ಹಿಡಿದ ಮೊಳೆಯೂ ಕೆಲವೊಮ್ಮೆ ಬೆಳ್ಳಿಯಂತೆ ಉಲಿಯುತ್ತದೆ. ಅಡ್ಡ ದಿಕ್ಕಿನಿಂದ ಬೀಸಿದಾಗ ಸದ್ದು ಒಡೆದರೆ ಸಾಮಾನ್ಯವಾಗಿ ಕಬ್ಬಿಣವೇ.

ಪಲ್ಸ್ ಇಂಡಕ್ಷನ್ ಸಾಮಾನ್ಯವಾಗಿ ದುಬಾರಿ, ಕಬ್ಬಿಣವನ್ನು ಬೇರೆ ಲೋಹಗಳಿಂದ ಪ್ರತ್ಯೇಕಿಸಿ ತೋರಿಸುವುದರಲ್ಲಿ ದುರ್ಬಲ. ಉಪ್ಪುನೀರಿನ ಕಡಲತೀರಕ್ಕೂ ನೀವು ಹೋಗುವಿರಾದರೆ ಮಾತ್ರ ಅದರ ಬೆಲೆಗೆ ಅರ್ಥ. ಇಟ್ಟಿಗೆ ಚೂರುಗಳು ಯಾವ ಕಾಯಿಲನ್ನಾದರೂ ಸವೆಸುತ್ತವೆ, ಹೊದಿಕೆ ಹಾಕಿಸಿ.

ಅವಶೇಷಗಳ ನಡುವೆ ಚಿಕ್ಕದು, ಕಟ್ಟಡದ ಹಿಂದಿನ ತೋಟದ ಮಣ್ಣಿಗೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಯಂತ್ರ ಯಾವುದಾದರೂ ಮಾಲೀಕರ ಅನುಮತಿ ಬೇಕು; 1996ರ ನಿಧಿ ಕಾಯ್ದೆಯಡಿ ನಿಧಿ ಎನಿಸಬಹುದಾದ ವಸ್ತು ಸಿಕ್ಕರೆ 14 ದಿನಗಳೊಳಗೆ ಕರೋನರ್‌ಗೆ (ಅಸಹಜ ಸಾವು, ನಿಧಿಗಳ ವಿಚಾರಣೆ ನಡೆಸುವ ಅಧಿಕಾರಿ) ವರದಿ ಮಾಡಬೇಕು.