ಮೈಕಟ್ಟು ನೋಡಿ ಕಸರತ್ತೋ, ನೋಟ್‌ಬುಕ್ ನೋಡಿ ಕಸರತ್ತೋ?

ದಾವಣಗೆರೆಯಲ್ಲಿ ಜಿಮ್ ಸೇರಿದ ದಿನವೇ ನನ್ನ ತಮ್ಮನಿಗೆ ಹೇಳಿದರು: 'ನೀನು ಸಣಕಲು, ನಿನಗೆ ಬೇರೆ ಕಸರತ್ತು.' ಸಣಕಲು, ಗಟ್ಟಿಮುಟ್ಟು, ದಪ್ಪ ಎಂಬ ಈ ಮೂರು ಮೈಕಟ್ಟಿನ ವಿಂಗಡಣೆ 1940ರ ದಶಕದಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ್ದು. ಅದೂ ಮನುಷ್ಯರ ಸ್ವಭಾವ ತಿಳಿಯೋಕೆ, ಕಸರತ್ತಿಗಲ್ಲ!

ನಾನು ನೋಟ್‌ಬುಕ್ ಕಡೆ. ಎತ್ತಿದ ಭಾರ, ಎಷ್ಟು ಸಲ, ವಾರಕ್ಕೊಮ್ಮೆ ತೂಕ, ಇಷ್ಟು ಬರೆದಿಡಿ. ಸಣಕಲಿರಲಿ, ದಪ್ಪವಿರಲಿ, ಸ್ನಾಯು ಬೆಳೆಯೋದು ಒಂದೇ ರೀತಿ. ಭಾರ ನಿಧಾನಕ್ಕೆ ಏರಬೇಕು, ಒಳ್ಳೆ ನಿದ್ದೆ ಬೇಕು, ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ಬದಲಾಗೋದು ಊಟದ ಅಳತೆ. ತಮ್ಮನ ತೂಕ ನಿಂತಾಗ ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಜೊತೆಗೆ ಮೂರು ಮೊಟ್ಟೆ ಸೇರಿಸಿದೆವು.

ಮೈಕಟ್ಟು ಲೆಕ್ಕಕ್ಕೆ ಬರೋದು ಬಸ್ಕಿಯಂಥದ್ದರಲ್ಲಿ. ತೊಡೆ ಉದ್ದವಿದ್ದರೆ ಕಾಲು ಸ್ವಲ್ಪ ಅಗಲಿಸಿ ನಿಲ್ಲಿ, ಹಿಮ್ಮಡಿ ಕೆಳಗೆ ತೆಳು ಹಲಗೆ ಇಟ್ಟು ನೋಡಿ.